ಹಳೆಯ ಟಾಟಾ 407ರ ತುಕ್ಕಿಗೆ ರಸ್ಟ್ ಕನ್ವರ್ಟರ್: ಬಳಸಿ ನೋಡಿದ ಅಭಿಪ್ರಾಯ

ಕಾರವಾರದ ಮನೆಯಂಗಳದಲ್ಲಿ ದುರಸ್ತಿ ಮಾಡುತ್ತಿರುವ ಹಳೆಯ ಟಾಟಾ 407 ಲಾರಿಯ ಚಾಸಿಸ್‌ಗೆ (ಅಡಿಚೌಕಟ್ಟಿಗೆ) ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಎಂಬ ದ್ರಾವಣ ಬಳಸಿದ್ದೇನೆ. ಸರಿಯಾದ ಜಾಗಕ್ಕೆ ಬಳಸಿದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. 1986ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯ ಎಂಜಿನ್ ಕೆಲಸಕ್ಕೆ ಮೆಕ್ಯಾನಿಕ್‌ಗಳು ಸಿಗುತ್ತಾರೆ, ಆದರೆ ಕಡಲ ಉಪ್ಪುಗಾಳಿ ತಿಂದ ಕಬ್ಬಿಣವನ್ನು ಉಳಿಸಿಕೊಳ್ಳುವುದೇ ನಮ್ಮ ಕಡೆಯ ನಿಜವಾದ ಸವಾಲು.

ದ್ರಾವಣವು ತುಕ್ಕಿನೊಡನೆ ವರ್ತಿಸಿ ಅದನ್ನು ಗಟ್ಟಿಯಾದ ಫಾಸ್ಫೇಟ್ ಪದರವನ್ನಾಗಿ ಮಾರ್ಪಡಿಸುತ್ತದೆ. ಲೀಫ್ ಸ್ಪ್ರಿಂಗಿನ ಬ್ರಾಕೆಟ್ ಸುತ್ತ ಬ್ರಷ್‌ನಿಂದ ಹಚ್ಚಿದಾಗ ಕಿತ್ತಳೆ ಬಣ್ಣದ ತುಕ್ಕು ನಿಧಾನವಾಗಿ ಬೂದುಗಪ್ಪಾಗಿ, ಉಗುರಿನಿಂದ ಕೆರೆದರೂ ಪುಡಿಯುದುರದಷ್ಟು ಬಿಗಿಯಾಯಿತು. ಆದರೆ ಹಚ್ಚುವ ಮೊದಲು ಸಿಹಿನೀರಿನಿಂದ ಚೆನ್ನಾಗಿ ತೊಳೆದು ಒಣಗಿಸಿ, ಸಡಿಲ ಪದರಗಳನ್ನು ವೈರ್ ಬ್ರಷ್‌ನಿಂದ ಪೂರ್ತಿ ಕೆರೆದು ತೆಗೆಯಲೇಬೇಕು. ಉಪ್ಪು ಒಳಗುಳಿದರೆ ಮೇಲಿನ ಬಣ್ಣದಡಿಯಲ್ಲೇ ತುಕ್ಕು ಮತ್ತೆ ಬೆಳೆಯುತ್ತದೆ.

ತೂತುಬಿದ್ದ ಕ್ಯಾಬಿನ್ ನೆಲಕ್ಕೆ ಇದು ಪರಿಹಾರವಲ್ಲ, ಅಲ್ಲಿ ಕೊಳೆತ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಲೇಬೇಕು. ಫಾಸ್ಫೇಟ್ ಪದರವನ್ನು ಬರಿದಾಗಿ ಬಿಡದೆ ಪ್ರೈಮರ್, ಅದರ ಮೇಲೆ ಬಣ್ಣ ಹೊಡೆಯಬೇಕು. ಮಳೆಗಾಲದ ತೇವದಲ್ಲಿ ಅದು ಸರಿಯಾಗಿ ಒಣಗದ ಕಾರಣ ಜೂನ್‌ಗೆ ಮೊದಲೇ ಈ ಕೆಲಸ ಮುಗಿಸುವುದು ಒಳ್ಳೆಯದು. ಬ್ರೇಕ್ ಪೈಪುಗಳನ್ನೂ ರಬ್ಬರ್ ಭಾಗಗಳನ್ನೂ ಮುಚ್ಚಿ, ಕೈಗವಸು, ಕನ್ನಡಕ ಧರಿಸಿಯೇ ಇದನ್ನು ಬಳಸಿ.