ಮೂರು ಮಳೆಗಾಲ ಕಂಡ ಲೇಸರ್ ಯಂತ್ರ: ಗೊಂಬೆಮನೆ ಕಿಟ್ ಮಾಡುವವರಿಗೆ ಶಿರಸಿಯಿಂದ

2022ರ ದೀಪಾವಳಿ ಹೊತ್ತಿಗೆ ಕೊಂಡ 10 ವ್ಯಾಟ್ ಡಯೋಡ್ ಲೇಸರ್ ಇದು, ನೀಲಿ ಬೆಳಕಿನ ಕಿರಣದಿಂದ ತೆಳು ಹಲಗೆಯನ್ನು ಸುಟ್ಟು ಕತ್ತರಿಸುವಂಥದ್ದು. ಮುಚ್ಚಳವಿಲ್ಲದ, ತೆರೆದ ಚೌಕಟ್ಟಿನ ಯಂತ್ರ. ಕತ್ತರಿಸಲು ಸಿಗುವ ಜಾಗ 400 × 400 ಮಿ.ಮೀ. ಮೂರು ಮಳೆಗಾಲ ಕಳೆದವು, ನಲವತ್ತಾರು ಗೊಂಬೆಮನೆ ಕಿಟ್ (ಮಕ್ಕಳು ಜೋಡಿಸಿ ಕಟ್ಟುವ ಪುಟ್ಟ ಮನೆಯ ಚೂರುಗಳು) ಇದರಿಂದ ಹೊರಬಿದ್ದಿವೆ. ಬ್ರಾಂಡಿನ ಹೆಸರು ಬರೆಯುವುದಿಲ್ಲ. ಈ ದರ್ಜೆಯ ಯಂತ್ರಗಳೆಲ್ಲ ಅಣ್ಣತಮ್ಮಂದಿರೇ, ಮೇಲಾಗಿ ನಾನು ಬೈಯಬೇಕಾದ ಬೈಗುಳದಲ್ಲಿ ಮುಕ್ಕಾಲು ಪಾಲು ಶಿರಸಿಯ ಮಳೆಗೇ ಸಲ್ಲಬೇಕು. ಕೊಳ್ಳುವ ಮುಂಚೆ ನಾನು ಓದಿದ ವಿಮರ್ಶೆಗಳೆಲ್ಲ ಪೆಟ್ಟಿಗೆ ಬಿಚ್ಚಿದ ವಾರವೇ ಬರೆದವು. ಜುಲೈನಲ್ಲಿ ಏನಾಗುತ್ತದೆ ಅಂತ ಒಬ್ಬರೂ ಬರೆದಿರಲಿಲ್ಲ.

ವ್ಯಾಟಿನ ಲೆಕ್ಕ ಮೊದಲು. ಜಾಹೀರಾತಿನಲ್ಲಿ 40 ವ್ಯಾಟ್, 80 ವ್ಯಾಟ್ ಅಂತ ದೊಡ್ಡದಾಗಿ ಇರುತ್ತದೆ. ಎಷ್ಟೋ ಸಲ ಅದು ಯಂತ್ರ ಎಳೆಯುವ ಕರೆಂಟು, ಹೊರಬರುವ ಬೆಳಕಲ್ಲ. ಕತ್ತರಿಸುವುದು ಬೆಳಕು; ‘ಆಪ್ಟಿಕಲ್ ಔಟ್‌ಪುಟ್’ ಎಷ್ಟು ಅಂತ ಕೇಳಿ. ನನ್ನದು ನಿಜಕ್ಕೂ 10. 3 ಮಿ.ಮೀ. ಪ್ಲೈವುಡ್ಡನ್ನು ಗಾಳಿ ಪಂಪು ಹಾಕಿಕೊಂಡು ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ಒಂದೇ ಸುತ್ತಿಗೆ ದಾಟಿಸುತ್ತದೆ. ಒಂದು ಕಿಟ್ಟಿನ ಗೆರೆಗಳನ್ನೆಲ್ಲ ಉದ್ದಕ್ಕೆ ಜೋಡಿಸಿದರೆ ಸುಮಾರು 60 ಮೀಟರ್, ಅಂದರೆ 200 ನಿಮಿಷ. ಅಷ್ಟು ಹೊತ್ತೂ ಪಕ್ಕದಲ್ಲಿ ಕೂತಿರಬೇಕು. ಒಮ್ಮೆ ಹಾಲು ಉಕ್ಕಿತೆಂದು ಒಳಗೆ ಓಡಿ ಬರುವಷ್ಟರಲ್ಲಿ ಕಿಟಕಿಯ ಚೂರೊಂದು ಬೆರಳುದ್ದದ ಜ್ವಾಲೆ ಹಿಡಿದು ಉರಿಯುತ್ತಿತ್ತು. ಅಂದಿನಿಂದ ಗಿಡಕ್ಕೆ ನೀರು ಚಿಮುಕಿಸುವ ಬಾಟಲಿ ಯಂತ್ರದ ಬದಿಯಲ್ಲೇ ಇದೆ.

ನಾನು ಮಾಡುವುದು ನಮ್ಮ ಕಡೆಯ ಮನೆ: ಜಗಲಿ, ನಡುಮನೆ, ಅಡಿಗೆಮನೆ, ಹಿತ್ಲಕಡೆ, ಮೇಲೊಂದು ಮೆತ್ತು, ಹೊರಗೆ ಅಂಗಳ, ತುಳಸಿಕಟ್ಟೆ. ಗೊಂಬೆಮನೆಯ ಹಳೆಯ ಅಳತೆ 1:12, ಅಡಿಗೆ ಒಂದು ಇಂಚು. 1924ರಲ್ಲಿ ಮುಗಿದ, ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆ ಇದೇ ಅಳತೆಯದು. ಅದರ ನಕ್ಷೆ ಬರೆದವರು ನಮ್ಮ ರಾಷ್ಟ್ರಪತಿ ಭವನದ ನಕ್ಷೆ ಬರೆದ ಲಟ್ಯೆನ್ಸ್. ನಾನೂ ಹುಮ್ಮಸ್ಸಿನಲ್ಲಿ 1:12ಕ್ಕೇ ಕೂತೆ. 25 ಅಡಿ ಜಗಲಿ 635 ಮಿ.ಮೀ. ಆಯಿತು, ಯಂತ್ರದಲ್ಲಿ ಹಿಡಿಸುವುದು 400! ಅರ್ಧಕ್ಕೆ ಇಳಿಸಿ 1:24 ಮಾಡಿದೆ, ಜಗಲಿ 317ಕ್ಕೆ ಬಂತು. ನೀವು ಯಂತ್ರ ಕೊಳ್ಳುವ ಮೊದಲೇ ನಿಮ್ಮ ಮನೆಯ ಅತಿ ಉದ್ದದ ಗೋಡೆಯನ್ನು ಈ ಲೆಕ್ಕಕ್ಕೆ ಹಾಕಿ ನೋಡಿ.

ಮಾಡಿಗೆ (ಛಾವಣಿಗೆ) ಬಹಳ ದಿನ ಹಿಡಿಯಿತು. ಮಂಗಳೂರು ಹೆಂಚು 1:24ರಲ್ಲಿ ಸುಮಾರು 17 × 10 ಮಿ.ಮೀ. ಮೊದಲ ಮನೆಗೆ ಹೆಂಚನ್ನು ಒಂದೊಂದಾಗಿ ಕತ್ತರಿಸಿ ಫೆವಿಕಾಲ್‌ನಲ್ಲಿ ಕೂರಿಸುತ್ತಾ ಹೋದೆ. ಆರುನೂರು ದಾಟಿದ ಮೇಲೆ ಲೆಕ್ಕ ಬಿಟ್ಟೆ. ಈಗ ಒಂದು ಸಾಲಿನ ಹೆಂಚುಗಳನ್ನು ಒಂದೇ ತೆಳು ಪಟ್ಟಿಯಲ್ಲಿ ಕೆತ್ತಿ, ಕೆಳಗಿನ ಅಂಚನ್ನು ಮಾತ್ರ ಹೆಂಚಿನ ಆಕಾರಕ್ಕೆ ಕತ್ತರಿಸಿ, ಪಟ್ಟಿಯ ಮೇಲೆ ಪಟ್ಟಿ ಏರಿಸುತ್ತೇನೆ. ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಮೊದಲ ಮನೆ ಮಾತ್ರ ನನ್ನ ಮಗಳ ಹತ್ತಿರವೇ ಇದೆ, ಯಾರಿಗೂ ಕೊಡುವುದಿಲ್ಲವಂತೆ.

ಇನ್ನು ಪ್ಲೈವುಡ್. ಕಿಟ್ ಅಂದಮೇಲೆ ಮೊಳೆ ಇಲ್ಲ, ಸ್ಕ್ರೂ ಇಲ್ಲ. ಒಂದು ಹಲಗೆಯ ಹಲ್ಲು ಇನ್ನೊಂದರ ಗಾಡಿಯೊಳಗೆ, ಅಂದರೆ ಹಲ್ಲಿಗಾಗಿ ಕೊರೆದ ಸೀಳಿನೊಳಗೆ, ಹೋಗಿ ಕೂರಬೇಕು. ಗಾಡಿಯ ಅಗಲ ಹಲಗೆಯ ದಪ್ಪಕ್ಕೆ ಸರಿಯಾಗಿರಬೇಕು. ಅಂಗಡಿಯವರು ‘3 ಮಿ.ಮೀ.’ ಅಂತ ಕೊಟ್ಟ ಹಲಗೆ ವರ್ನಿಯರ್ ಹಿಡಿದರೆ ಒಮ್ಮೆ 2.8, ಇನ್ನೊಂದು ಲಾಟಿನಲ್ಲಿ 3.2. ಜೊತೆಗೆ ಲೇಸರ್ ತಾನೇ ಸುಟ್ಟು ತಿನ್ನುವ ಗೆರೆಯ ಅಗಲ ಬೇರೆ. ಡಯೋಡ್ ಲೇಸರಿನ ಚುಕ್ಕೆ ದುಂಡಗಿರುವುದಿಲ್ಲ, ಚಪ್ಪಟೆ ಚೌಕ. ಹಾಗಾಗಿ ನನ್ನ ಯಂತ್ರ ಅಡ್ಡ ಗೆರೆಯಲ್ಲಿ 0.12 ತಿಂದರೆ ಉದ್ದ ಗೆರೆಯಲ್ಲಿ 0.18 ತಿನ್ನುತ್ತದೆ. ಒಂದೇ ನಕ್ಷೆಯನ್ನು ಹಲಗೆಯ ಮೇಲೆ ತಿರುಗಿಸಿಟ್ಟರೂ ಬಿಗಿ ಬದಲಾಗುತ್ತದೆ. ಇದು ತಿಳಿಯುವ ಮೊದಲು ಎರಡು ತಿಂಗಳು ನನ್ನ ಲೆಕ್ಕವೇ ತಪ್ಪು ಅಂದುಕೊಂಡಿದ್ದೆ.

ಈಗ ಹೊಸ ಹಲಗೆ ಬಂದ ಕೂಡಲೇ ಬಾಚಣಿಗೆ ಕತ್ತರಿಸುತ್ತೇನೆ. ಒಂದು ಸಣ್ಣ ಪಟ್ಟಿ, ಅದರಲ್ಲಿ 2.6ರಿಂದ 3.3ರ ತನಕ 0.1ರ ಅಂತರದಲ್ಲಿ ಎಂಟು ಗಾಡಿ. ಅದೇ ಹಲಗೆಯ ಚೂರನ್ನು ಒಂದೊಂದಕ್ಕೂ ತೂರಿಸಿ, ಹೆಬ್ಬೆಟ್ಟಿನ ಒತ್ತಿಗೆ ಕೂತು, ತಲೆಕೆಳಗೆ ಹಿಡಿದರೆ ಬೀಳದೆ ಇರುವುದು ಯಾವುದೋ ಅದೇ ಅಳತೆ.

2024ರ ಮಾರಿಕಾಂಬಾ ಜಾತ್ರೆಗೆ ನೆಂಟರ ಮಕ್ಕಳಿಗೆ ಕೊಡಲೆಂದು ಹತ್ತು ಕಿಟ್ ಮಾಡಿದ್ದೆ. ಆರು ಹೋದವು. ಮಾರ್ಚಿನ ಬಿಸಿಲಿನಲ್ಲಿ ಹಲ್ಲು ಗಾಡಿಗೆ ‘ಟಕ್’ ಅಂತ ಕೂರುತ್ತಿದ್ದುದನ್ನು ನೋಡಿ ನನಗೇ ಹೆಮ್ಮೆ. ಉಳಿದ ನಾಲ್ಕನ್ನು ಕಪಾಟಿನಲ್ಲಿಟ್ಟೆ. ಜುಲೈನಲ್ಲಿ ದೊಡ್ಡಾಯಿಯ ಮೊಮ್ಮಗಳಿಗೆ ಒಂದು ಬಿಚ್ಚಿ ಕೊಟ್ಟರೆ ಒಂದೂ ಒಳಗೆ ಹೋಗಲೊಲ್ಲದು. ಒತ್ತಿದಾಗ ಜಗಲಿಯ ಕಂಬದ ಹಲ್ಲು ಮುರಿದು ಕೂಸಿನ ಕೈಯಲ್ಲೇ ಉಳಿಯಿತು. ಅಳತೆ ನೋಡಿದರೆ ಅದೇ ಹಲಗೆ 2.8 ಇದ್ದದ್ದು 2.95 ಆಗಿತ್ತು. ನಾನು ಮುಖ ಸಣ್ಣ ಮಾಡಿಕೊಂಡು ಕೂತಿದ್ದನ್ನು ನೋಡಿ ದೊಡ್ಡಾಯಿ, “ನಮ್ಮನೆ ಹಿತ್ಲಕಡೆ ಬಾಗ್ಲೇ ಆಷಾಢದಲ್ಲಿ ಹಾಕಲೆ ಬತ್ತಿಲ್ಲೆ, ನಿನ್ನ ಗೊಂಬೆಮನೆದು ಯಾವ ಲೆಕ್ಕ ತಂಗಿ?” ಅಂದರು.

ಬಾಗಿಲಿನ ಮಾತು ಅರ್ಧ ಸರಿ. ಇಡೀ ಮರದ ಹಲಗೆ ತೇವಕ್ಕೆ ಅಗಲದಲ್ಲಿ ಉಬ್ಬುತ್ತದೆ. ಪ್ಲೈವುಡ್ಡಿನಲ್ಲಿ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿರುವುದರಿಂದ ಉದ್ದ ಅಗಲ ಅಲುಗುವುದಿಲ್ಲ ಅಂದರೂ ಆದೀತು. ಒಂದು ಪದರ ಇನ್ನೊಂದನ್ನು ಹಿಡಿದಿಟ್ಟಿರುತ್ತದೆ. ಆದರೆ ದಪ್ಪವನ್ನು ಹಿಡಿಯುವವರು ಯಾರೂ ಇಲ್ಲ. ಗೋಡೆಯ ಉದ್ದ ಹಾಗೇ ಇರುತ್ತದೆ, ಗಾಡಿಯ ಅಗಲ ಹಾಗೇ ಇರುತ್ತದೆ, ಅದಕ್ಕೆ ತೂರಬೇಕಾದ ದಪ್ಪ ಒಂದೇ ಹೆಚ್ಚಾಗುತ್ತದೆ. ಮಳೆಗಾಲ ಬಂದು ಕೈ ಹಾಕುವುದು ಸರಿಯಾಗಿ ಸಂದಿಯ ಜಾಗಕ್ಕೇ.

ಹಾಗಿದ್ದರೆ ನೀರಿಗೆ ಜಗ್ಗದ ಪ್ಲೈ ತರಬಹುದಲ್ಲ ಅಂತ ನಾನೂ ಯೋಚಿಸಿದೆ. ಐಎಸ್ 710 ಮುದ್ರೆಯ ಮರೀನ್ ಪ್ಲೈ ತಂದೆ. ಅದರ ಫೀನಾಲಿಕ್ ಅಂಟಿನ ಕಪ್ಪು ಗೆರೆಗೆ ಬಂದು ಲೇಸರ್ ನಿಂತೇ ಬಿಟ್ಟಿತು. ನಾಲ್ಕು ಸುತ್ತು ಹೊಡೆದರೂ ಅಂಚು ಇದ್ದಿಲಾಯಿತೇ ಹೊರತು ಚೂರು ಬಿಡಲಿಲ್ಲ. ಲೇಸರಿಗೆ ಒಗ್ಗುವುದು ಐಎಸ್ 303ರ ಸಾದಾ ಎಂಆರ್ (ಬರೀ ತೇವ ತಡೆಯುವ ದರ್ಜೆಯ) ಪ್ಲೈ, ಯೂರಿಯಾ ಅಂಟಿನದು. ಅದರಲ್ಲೂ ಒಳಗೆ ಗಂಟು, ಪುಟ್ಟಿ ತುಂಬಿದ ಜಾಗ ಸಿಕ್ಕರೆ ಅಲ್ಲಿ ಮಾತ್ರ ಕತ್ತರಿಸದೆ ಉಳಿಯುತ್ತದೆ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಬಗ್ಗೆ ಕೇಳಬೇಡಿ. ಒಂದು ಮಳೆಗಾಲಕ್ಕೆ ಅಂಚುಗಳು ನೆನೆದ ಬ್ರೆಡ್ಡಿನ ಹಾಗಾದವು. ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆ ಇದ್ದ ದಾಂಡೇಲಿ ನಮ್ಮ ಜಿಲ್ಲೆಯಲ್ಲೇ ಇದೆ. ಈಗ ನಮಗೆ ಸಿಗುವ ತೆಳು ಹಲಗೆ ಕೇರಳದ ಪೆರುಂಬಾವೂರು, ಹರಿಯಾಣದ ಯಮುನಾನಗರಗಳಿಂದ ಬರಬೇಕು.

ಹಲಗೆ ಒಣಗಿಸಲು ಮಾಡಿದ ಕಸರತ್ತು ಒಂದೆರಡಲ್ಲ. ಅಡಿಕೆ ಡ್ರೈಯರಿನ ಮೇಲೆ ಒಂದು ರಾತ್ರಿ ಹರವಿಟ್ಟೆ, ಬೆಳಿಗ್ಗೆ ನೋಡಿದರೆ ಕರಿದ ಹಪ್ಪಳ. ಒಂದು ಬದಿಗೆ ಶಾಖ, ಇನ್ನೊಂದು ಬದಿಗೆ ಮಳೆಗಾಲದ ಗಾಳಿ, ಡೊಂಕಾಗದೆ ಏನು ಮಾಡೀತು? ಈಗ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಎರಡು ಚಿರೆಕಲ್ಲಿನ ಭಾರ ಹೇರಿ, ಕಪಾಟಿನೊಳಗೆ ಹಳೆಯ ಕಾಲದ 60 ವ್ಯಾಟ್ ಬಲ್ಬು ಉರಿಸಿಟ್ಟು ನಾಲ್ಕು ದಿನ ಬಿಡುತ್ತೇನೆ. ನಕ್ಷೆಯಲ್ಲೂ ಒಂದು ಬದಲಾವಣೆ ಮಾಡಿದೆ. ಗಾಡಿಯನ್ನು 3.1ಕ್ಕೆ ಸಡಿಲ ಮಾಡಿ, ಅದರ ಎರಡು ಬದಿಗೆ ನುಚ್ಚಕ್ಕಿಯಷ್ಟು ಸಣ್ಣ ಉಬ್ಬು ಬಿಡುತ್ತೇನೆ. ಬೇಸಿಗೆಯಲ್ಲಿ ಉಬ್ಬು ಹಲ್ಲನ್ನು ಹಿಡಿಯುತ್ತದೆ, ಮಳೆಗಾಲದಲ್ಲಿ ಜಜ್ಜಿಕೊಂಡು ಜಾಗ ಬಿಡುತ್ತದೆ. 2024ರ ನಂತರ ಹಲ್ಲು ಮುರಿದ ದೂರು ಬಂದಿಲ್ಲ.

ಯಂತ್ರದ ಕಡೆಯಿಂದ ನಿಜವಾದ ತೊಂದರೆ ಅಂದರೆ ಲೆನ್ಸಿನ ಮುಂದಿನ ಗಾಜು. ಎರಡನೇ ಮಳೆಗಾಲದಲ್ಲಿ ಕತ್ತರಿಸುವ ಶಕ್ತಿ ದಿನದಿನಕ್ಕೆ ಕುಗ್ಗಿತು. ಮಾರಿದವರಿಗೆ ಫೋನು ಹಚ್ಚಿದರೆ ಲೇಸರ್ ಮಂಡೆಯೇ ಬದಲಿಸಬೇಕು ಅಂದರು, ಯಂತ್ರದ ಅರ್ಧ ಬೆಲೆ. ಹಣ ಕಳಿಸುವ ಮುಂಚೆ ಸುಮ್ಮನೆ ಗಾಜು ಬಿಚ್ಚಿ ನೋಡಿದೆ; ಹೊಗೆಯ ಜಿಡ್ಡು ತೇವಕ್ಕೆ ಅಂಟಿ ಕಂದು ಪೊರೆ ಕಟ್ಟಿತ್ತು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ, ಹಳೆಯ ಶಕ್ತಿ ವಾಪಸ್. ಈಗ ಪ್ರತಿ ಕಿಟ್ ಮುಗಿದ ಮೇಲೂ ಒರೆಸುತ್ತೇನೆ. ಕಾರವಾರದಲ್ಲಿ ಇಂಥದೇ ಯಂತ್ರ ಇಟ್ಟಿರುವ ಗೆಳತಿಗೆ ಕಡಲ ಗಾಳಿಗೆ ಸ್ಕ್ರೂಗಳೆಲ್ಲ ತುಕ್ಕು ಹಿಡಿದಿವೆ. ಅವಳ ಪಾಡು ಬೇರೆ.

ಕರೆಂಟು ನಡುವೆ ಹೋದರೆ ಹಲಗೆ ಹಾಳು, ಇನ್ವರ್ಟರಿಗೆ ಹಾಕಿಕೊಳ್ಳಿ.

ನಕ್ಷೆಗೆ ಇಂಕ್‌ಸ್ಕೇಪ್ ಪುಕ್ಕಟೆ, ಅಷ್ಟೇ ಸಾಕು. ಯಂತ್ರ ನಡೆಸಲು ಲೈಟ್‌ಬರ್ನ್ ದುಡ್ಡು ಕೊಟ್ಟು ಕೊಂಡೆ, 30 ದಿನ ಬಿಟ್ಟಿಯಾಗಿ ನೋಡಬಹುದು. ಮೊದಲು ಕೆತ್ತನೆ, ಆಮೇಲೆ ಕಿಟಕಿ ಮತ್ತು ಗಾಡಿ, ಕೊನೆಗೆ ಹೊರಗಿನ ಗೆರೆ ಅಂತ ಕ್ರಮ ಹಾಕಿಕೊಳ್ಳಿ. ಹೊರಗೆರೆ ಮೊದಲು ಕತ್ತರಿಸಿದರೆ ಚೂರು ವಾಲಿ ಉಳಿದದ್ದೆಲ್ಲ ಸೊಟ್ಟ. ಕನ್ನಡದಲ್ಲಿ ಹೆಸರುಪಟ್ಟಿ ಕತ್ತರಿಸುವವರಿಗೆ ಒಂದು ಮಾತು: ನಮ್ಮ ಅಕ್ಷರಗಳ ತುಂಬ ಮುಚ್ಚಿದ ಸುತ್ತುಗಳು. ಮನೆಯೊಂದಕ್ಕೆ ‘ಶಾರದಾಂಬಾ’ ಅಂತ ಕೊರೆಯಲು ಹೋಗಿ ಸೊನ್ನೆಯ ಹೊಟ್ಟೆಯೆಲ್ಲ ಕೆಳಗೆ ಉದುರಿ, ಹಲಗೆಯಲ್ಲಿ ಬರೀ ತೂತುಗಳು ಉಳಿದವು. ಸಣ್ಣ ಸೇತುವೆ ಬಿಡಬೇಕು, ಇಲ್ಲವೇ ಕೊರೆಯದೆ ಕೆತ್ತಬೇಕು.

ಪಾರದರ್ಶಕ ಅಕ್ರಿಲಿಕ್ ಇದರಿಂದ ಆಗುವುದಿಲ್ಲ, ನೀಲಿ ಬೆಳಕು ಅದರ ಮೂಲಕ ಸುಮ್ಮನೆ ಹಾದುಹೋಗುತ್ತದೆ. ಅದು ಬೇಕಿದ್ದವರು ಸಿಒ2 ಲೇಸರ್ ನೋಡಿ. ನಾನು ಕಿಟಕಿಗೆ ಒಎಚ್‌ಪಿ ಹಾಳೆಯನ್ನು (ತೆಳು ಪಾರದರ್ಶಕ ಪ್ಲಾಸ್ಟಿಕ್) ಕತ್ತರಿಯಲ್ಲೇ ಕತ್ತರಿಸುತ್ತೇನೆ. ಪಿವಿಸಿ, ರೆಕ್ಸಿನ್ ಮಾತ್ರ ಯಾವ ಲೇಸರಿನ ಕೆಳಗೂ ಇಡಬೇಡಿ, ಕ್ಲೋರಿನ್ ಸೇರಿದ ವಿಷದ ಹೊಗೆ ಬರುತ್ತದೆ. ಲೇಸರ್ ಬೆಳಕು ತಡೆಯುವ ಕನ್ನಡಕ ಹಾಕದೆ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಇದು ಕೆಟ್ಟರೆ ಇಂಥದ್ದನ್ನೇ ತರುತ್ತೇನೆ, ಆದರೆ ಮುಚ್ಚಳ ಇರುವುದನ್ನು. ಕಿಟ್ಟುಗಳನ್ನೆಲ್ಲ ಮೇ ತಿಂಗಳೊಳಗೆ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡುತ್ತೇನೆ. ಜೂನ್‌ನಿಂದ ಬರೀ ಕೆತ್ತನೆ ಕೆಲಸ. ಬಾಗಿಲುಗಳಿಗೆ ಸುತ್ತ 0.3 ಮಿ.ಮೀ. ಬಿಡುತ್ತೇನೆ, ಆಷಾಢದಲ್ಲೂ ಹಾಕಲು ಬರುತ್ತದೆ. ಬೇಸಿಗೆಯಲ್ಲಿ ಮಾತ್ರ ತಾನಾಗಿ ತೆರೆದುಕೊಳ್ಳುತ್ತದೆ, ಅದಕ್ಕೆ ಮಗಳು ಹಿತ್ಲಕಡೆ ಬಾಗಿಲಿಗೆ ಒಂದು ಅಡಿಕೆ ಹೋಳು ಒತ್ತಿಟ್ಟಿದ್ದಾಳೆ.