ಸಿಲ್‌ಫ್ರಾ ಸ್ನಾರ್ಕೆಲಿಂಗ್: ನೀರಿಗೆ ಪೂರ್ತಿ ಅಂಕ, ಕೈಗವಸಿಗೆ ಇಲ್ಲ

ಐಸ್‌ಲ್ಯಾಂಡಿಗೆ ಹೋಗುವವರು ಇಲ್ಲಿನ ಸ್ನಾರ್ಕೆಲಿಂಗ್ (ಮುಖವಾಡ, ಉಸಿರಾಟದ ಕೊಳವೆ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಬಿಡಬೇಡಿ. ಥಿಂಗ್ವೆಲ್ಲಿರ್ ರಾಷ್ಟ್ರೀಯ ಉದ್ಯಾನದೊಳಗಿನ ಸಿಲ್‌ಫ್ರಾ ಬಿರುಕಿನಲ್ಲಿ ನೀರು ಎಷ್ಟು ತಿಳಿ ಅಂದರೆ 100 ಮೀಟರ್ ದೂರದವರೆಗೂ ಕಾಣುತ್ತದೆ. ಲಾಂಗ್‌ಯೋಕುಲ್ ಹಿಮನದಿಯ ನೀರು ಲಾವಾ ಬಂಡೆಯೊಳಗೆ ದಶಕಗಟ್ಟಲೆ ಸೋಸಿಕೊಂಡು ಇಲ್ಲಿಗೆ ಬರುತ್ತದೆ. ಹಾಗಾಗಿ ಬಾಯಿಗೆ ಹೋದರೂ ಚಿಂತೆಯಿಲ್ಲ, ಗೈಡೇ ಕುಡಿದು ನೋಡಿ ಅಂದರು.

ಚಳಿ? ನೀರು ವರ್ಷಪೂರ್ತಿ 2ರಿಂದ 4 ಡಿಗ್ರಿ. ಡ್ರೈ ಸೂಟ್ (ನೀರು ಒಳಗೆ ಬಿಡದ ಉಡುಪು) ಪ್ರವಾಸ ನಡೆಸುವವರೇ ಕೊಡುತ್ತಾರೆ, ಕುತ್ತಿಗೆಯ ರಬ್ಬರ್ ಸಿಕ್ಕಾಪಟ್ಟೆ ಬಿಗಿ, ಆದರೆ ಮೈ ಒದ್ದೆಯಾಗುವುದಿಲ್ಲ. ಕೈಗವಸಿನೊಳಗೆ ಮಾತ್ರ ನೀರು ನುಗ್ಗುತ್ತದೆ, ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟುತ್ತವೆ, ತುಟಿಯಂತೂ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಕೈಯನ್ನು ಬೆನ್ನ ಮೇಲೆ, ನೀರಿಗೆ ತಾಗದ ಹಾಗೆ ಇಟ್ಟುಕೊಂಡು ಸುಮ್ನೆ ತೇಲಿ. ಹರಿವೇ ಮೆಲ್ಲಗೆ ಮುಂದೆ ಒಯ್ಯುತ್ತದೆ.

ಮೀನು ನೋಡೋಕೆ ಅಂತ ಹೋಗಬೇಡಿ, ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇರುವುದು ನೀರಿನ ನೀಲಿ, ಕಪ್ಪು ಬಂಡೆ, ಕಣ್ಣು ಕುಕ್ಕುವ ಹಸಿರು ಪಾಚಿ. ನನಗೆ ಅಷ್ಟೇ ಸಾಕಾಯ್ತು. 'ಎರಡು ಖಂಡ ಒಟ್ಟಿಗೆ ಮುಟ್ಟಿ' ಅನ್ನುವ ಜಾಹೀರಾತು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ಉತ್ತರ ಅಮೆರಿಕ ಮತ್ತು ಯುರೇಷಿಯಾ ಭೂಫಲಕಗಳ (ಭೂಮಿಯ ಹೊರಪದರದ ದೊಡ್ಡ ತುಂಡುಗಳ) ನಡುವಿನ ಕಣಿವೆ ಕಿಲೋಮೀಟರ್‌ಗಟ್ಟಲೆ ಅಗಲ ಇದೆ, ಇದು ಅದರೊಳಗಿನ ಒಂದು ಸೀಳು ಅಷ್ಟೇ. ಫೋಟೋಗೆ ಚೆನ್ನಾಗಿರುತ್ತದೆ ಅನ್ನಿ.

ಡೈವಿಂಗ್‌ಗೆ ಡ್ರೈ ಸೂಟ್ ಅನುಭವದ ದಾಖಲೆ ಬೇಕು, 18 ಮೀಟರ್‌ಗಿಂತ ಕೆಳಗೆ ಬಿಡುವುದಿಲ್ಲ. ನನ್ನ ಪ್ರಕಾರ ಸ್ನಾರ್ಕೆಲ್ ಸಾಕು. ಬಿಸಿಲಿದ್ದ ದಿನ ಬೆಳಕಿನ ಆಟ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ.