ಹಾರ್ಟ್ ಅಟ್ಯಾಕ್ ಆದ ಪೊಲೀಸರೇ, ‘ಪೆನ್ಶನ್ ಮಾಡಿಸಿಕೊಡ್ತೇವೆ’ ಅನ್ನುವವರಿಗೆ ಸಹಿ ಕೊಡಬೇಡಿ

ಉಡುಪಿ, ಮಂಗಳೂರು ಕಡೆ ಪೊಲೀಸ್ ಇಲಾಖೆಯಲ್ಲಿ ಇರುವವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು, ಇನ್ನು ಡ್ಯೂಟಿ ಮಾಡಲಿಕ್ಕೆ ಆಗುತ್ತದೋ ಇಲ್ಲವೋ ಎಂದು ಹೆದರಿ ಕೂತವರನ್ನು ಹುಡುಕಿಕೊಂಡು ಬರುವ ಜನ ಇದ್ದಾರೆ. ನಮ್ಮ ಅಕ್ಕನ ಮನೆಗೂ ಬಂದರು. ಭಾವನ ಇಷ್ಟು ವರ್ಷದ ಸರ್ವಿಸ್ ಒಂದು ಸಹಿಯಲ್ಲಿ ಹೋಗುವುದರಲ್ಲಿತ್ತು.

ಭಾವ ಉಡುಪಿ ಜಿಲ್ಲೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಪರ್ಯಾಯ, ವಿಟ್ಲಪಿಂಡಿ, ಎಲೆಕ್ಷನ್, ಯಾವ ಬಂದೋಬಸ್ತ್ ಇದ್ದರೂ ಊಟ ನಿದ್ದೆ ಬಿಟ್ಟು ನಿಂತವರು. ಒಂದು ರಾತ್ರಿ ಡ್ಯೂಟಿಯಲ್ಲೇ ಎದೆನೋವು ಬಂತು. ಜೊತೆಗಿದ್ದವರು ಆಂಬುಲೆನ್ಸ್ ಕಾಯದೆ ಜೀಪಿನಲ್ಲೇ ಆಸ್ಪತ್ರೆಗೆ ಸೇರಿಸಿದರು. ಅವರಿಂದಾಗಿ ಇವತ್ತು ಭಾವ ನಮ್ಮ ಜೊತೆ ಇದ್ದಾರೆ. ಆಮೇಲೆ ಮಂಗಳೂರಿನಲ್ಲಿ ಆಂಜಿಯೋಪ್ಲಾಸ್ಟಿ ಆಯಿತು. ಖರ್ಚು ಪೊಲೀಸರ ಆರೋಗ್ಯ ಭಾಗ್ಯ ಯೋಜನೆಯಲ್ಲಿ ಹೋಯಿತು, ಆ ವಿಷಯದಲ್ಲಿ ಯಾರ ಮೇಲೂ ದೂರಿಲ್ಲ. ಎಕೋ ರಿಪೋರ್ಟಿನಲ್ಲಿ ಇಎಫ್, ಅಂದರೆ ಹೃದಯ ರಕ್ತ ತಳ್ಳುವ ಅಳತೆ, 35 ಎಂದು ಬಂತು. ಭಾರ ಎತ್ತಬೇಡಿ, ನಿದ್ದೆ ಕೆಡಬೇಡಿ ಎಂದರು ಡಾಕ್ಟರು. ನಿದ್ದೆ ಕೆಡದೆ ಪೊಲೀಸ್ ಕೆಲಸ ಮಾಡುವುದು ಹೇಗೆ?

ಆ ಚಿಂತೆಯಲ್ಲಿ ಇದ್ದಾಗಲೇ ಒಬ್ಬ ಮನುಷ್ಯ ಪರಿಚಯದವರ ಪರಿಚಯ ಎಂದು ಬಂದ. ಮಂಗಳೂರಿನ ಹಂಪನಕಟ್ಟೆ ಕಡೆ ಮಹಡಿ ಮೇಲೆ ಒಂದು ಕೋಣೆ, ಮೇಜಿನ ತುಂಬ ಫೈಲು, ಪೆನ್ಶನ್ ಕನ್ಸಲ್ಟೆಂಟ್ ಎಂದು ಕಾರ್ಡು. ಮಾತು ಬಹಳ ಚೆಂದ. ಅಕ್ಕನಿಗೆ ‘ಅಮ್ಮಾ, ನೀವು ಹೆದರಬೇಡಿ’ ಎಂದು ಧೈರ್ಯ ಹೇಳಿದ. ‘ಇಎಫ್ 35 ಅಂದ್ರೆ 65 ಪರ್ಸೆಂಟ್ ಡಿಸೆಬಿಲಿಟಿ. 40 ದಾಟಿದ್ರೆ ಅಂಗವಿಕಲರ ಕಾರ್ಡ್ ಆಗ್ತದೆ. ಕಾರ್ಡ್ ಆದ್ರೆ ಮಿಲಿಟರಿಯವರ ಹಾಗೆ ಡಿಸೆಬಿಲಿಟಿ ಪೆನ್ಶನ್, ಮೇಲಿಂದ ಮಾಮೂಲಿ ಪೆನ್ಶನ್’ ಎಂದ. ಅರ್ಧ ದುಡ್ಡು ಮೊದಲು, ಅರ್ಧ ಆರ್ಡರ್ ಬಂದ ಮೇಲೆ. ಅಕ್ಕ ಬಳೆ ಅಡ ಇಟ್ಟು ಕೊಟ್ಟಳು.

ಅವನು ಹೇಳಿದ ಲೆಕ್ಕವೇ ಪೂರ್ತಿ ಸುಳ್ಳು. ಇಎಫ್ ಅಂದರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಅಳತೆ. ಚೆನ್ನಾಗಿರುವ ಹೃದಯದಲ್ಲೂ ಅದು ಸುಮಾರು 55ರಿಂದ 70 ಅಷ್ಟೇ. 100 ಯಾರಿಗೂ ಇರುವುದಿಲ್ಲ. ಇವನ ಲೆಕ್ಕ ಹಿಡಿದರೆ ಆರೋಗ್ಯವಾಗಿ ಓಡಾಡುವ ಹುಡುಗನಿಗೂ 40 ಪರ್ಸೆಂಟ್ ಅಂಗವೈಕಲ್ಯ ಅಂತಾಯಿತು! 35 ಕಮ್ಮಿ ಹೌದು, ಔಷಧಿ ತಪ್ಪಿಸುವಂತಿಲ್ಲ. ಆದರೆ 100ರಿಂದ ಕಳೆದು ಡಿಸೆಬಿಲಿಟಿ ಪರ್ಸೆಂಟ್ ತೆಗೆಯುವ ನಿಯಮ ಎಲ್ಲಿಯೂ ಇಲ್ಲ.

ಕಾರ್ಡಿನ ವಿಷಯವೂ ಹಾಗೆಯೇ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡ್ ಕೊಡುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ಅಂಗವೈಕಲ್ಯಗಳಿಗೆ. ಕಣ್ಣು, ಕಿವಿ, ಕೈಕಾಲು, ಪಾರ್ಕಿನ್ಸನ್, ಹಿಮೋಫಿಲಿಯಾ ಎಲ್ಲ ಆ ಪಟ್ಟಿಯಲ್ಲಿ ಇವೆ. ಹೃದಯದ ಕಾಯಿಲೆ ಇಲ್ಲ. ಇರಬೇಕಿತ್ತು ಎನ್ನುವುದು ನನ್ನ ಅಭಿಪ್ರಾಯ, ಆದರೆ ಇಲ್ಲ. ಹಾರ್ಟಿಗೆ ಕಾರ್ಡ್ ಮಾಡಿಸುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ.

ಇನ್ನು ಮಿಲಿಟರಿಯ ಮಾತು. ನಮ್ಮ ಕಡೆ ಸೇನೆಯಿಂದ ನಿವೃತ್ತರಾಗಿ ಬಂದವರು ತುಂಬಾ ಜನ ಇದ್ದಾರೆ, ಅವರಿಗೆ ಡಿಸೆಬಿಲಿಟಿ ಪೆನ್ಶನ್ ಬರುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಸೇನೆಯ ನಿಯಮ. ಅಲ್ಲಿ ಅಂಗವೈಕಲ್ಯ ಕನಿಷ್ಠ 20 ಪರ್ಸೆಂಟ್ ಇರಬೇಕು ಎಂಬ ಲೆಕ್ಕ ಇದೆ. ಸೇರುವಾಗ ಇಲ್ಲದ ಕಾಯಿಲೆ ಸೇವೆಯಲ್ಲಿ ಬಂದರೆ ಅದಕ್ಕೆ ಸೇವೆಯೇ ಕಾರಣ ಎಂದು ಹಿಡಿಯಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಸೈನಿಕನೊಬ್ಬನ ಕೇಸಿನಲ್ಲಿ, ಸೇನೆಯ ನಿಯಮ ಇಟ್ಟುಕೊಂಡು. ಅಮೆರಿಕದ ಕ್ಯಾಲಿಫೋರ್ನಿಯಾ, ಫ್ಲೋರಿಡಾದಂಥ ರಾಜ್ಯಗಳಲ್ಲಿ ಪೊಲೀಸರಿಗೆ ಹೃದಯದ ಕಾಯಿಲೆ ಬಂದರೆ ಕೆಲಸದಿಂದಲೇ ಬಂತು ಎಂದು ಕಾನೂನೇ ಊಹಿಸಿಕೊಳ್ಳುತ್ತದೆ. ಆ ವಿಷಯದ ಮೆಸೇಜ್ ಕೂಡ ವಾಟ್ಸಾಪಿನಲ್ಲಿ ಸುತ್ತುತ್ತಾ ಇತ್ತು, ಯಾವ ದೇಶದ್ದು ಎಂದು ಬರೆಯದೆ. ಕರ್ನಾಟಕದ ಪೊಲೀಸರಿಗೆ ಇವೆರಡೂ ಅನ್ವಯ ಆಗುವುದಿಲ್ಲ. ನಮಗೆ ಇರುವುದು ಕರ್ನಾಟಕ ನಾಗರಿಕ ಸೇವಾ ನಿಯಮಗಳು, ಆಫೀಸಿನಲ್ಲಿ ಕೆಸಿಎಸ್‌ಆರ್ ಎನ್ನುತ್ತಾರಲ್ಲ, ಅದು.

ಅದರಲ್ಲಿ ಇರುವುದು ಅಶಕ್ತತಾ ಪಿಂಚಣಿ, ಎಲ್ಲರ ಬಾಯಲ್ಲೂ ಇನ್‌ವ್ಯಾಲಿಡ್ ಪೆನ್ಶನ್. ದೇಹದ ಅಥವಾ ಮನಸ್ಸಿನ ಕಾಯಿಲೆಯಿಂದ ಇನ್ನು ಯಾವತ್ತೂ ಸರ್ಕಾರಿ ಕೆಲಸ ಮಾಡಲಿಕ್ಕೆ ಆಗುವುದಿಲ್ಲ ಎಂದು ಮೆಡಿಕಲ್ ಬೋರ್ಡ್ ಸರ್ಟಿಫಿಕೇಟ್ ಕೊಟ್ಟರೆ ಮಾತ್ರ ಅದು ಸಿಗುವುದು. ಮೊತ್ತ ನಿಲ್ಲುವುದು ಕಾಯಿಲೆಯ ಪರ್ಸೆಂಟಿನ ಮೇಲಲ್ಲ, ಸಂಬಳ ಮತ್ತು ಸೇವೆಯ ವರ್ಷಗಳ ಮೇಲೆ. ಮಾಮೂಲಿ ಪೆನ್ಶನ್ ಜೊತೆಗೆ ಇನ್ನೊಂದು ಎಂದೂ ಅಲ್ಲ. ನಮ್ಮ ಡಾಕ್ಟರು ಎಷ್ಟು ದೊಡ್ಡವರಾದರೂ ಅವರ ಚೀಟಿ ಬೋರ್ಡಿನ ಸರ್ಟಿಫಿಕೇಟ್ ಆಗುವುದಿಲ್ಲ. ಬೋರ್ಡಿಗೆ ಕಳಿಸಬೇಕಾದ್ದು ಇಲಾಖೆ. ಠಾಣೆಯ ಮೂಲಕ ಮೇಲಿನ ಆಫೀಸಿಗೆ ಅರ್ಜಿ ಹೋಗಬೇಕು, ಅಲ್ಲಿಂದ ಬೋರ್ಡಿಗೆ ಪತ್ರ ಹೋಗಬೇಕು. ನಡುವೆ ಏಜೆಂಟನಿಗೆ ಜಾಗವೇ ಇಲ್ಲ.

ಈಗ ಆ ಸಹಿಯ ಕತೆ. ಆ ಮನುಷ್ಯ ಒಂದಷ್ಟು ಕಾಗದ ತಂದು ಭಾವನ ಸಹಿ ಹಾಕಿಸಿಕೊಂಡ. ಭಾವ ಆಗ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು, ಓದುವ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಪ್ರತಿ ಅಕ್ಕನ ಹತ್ತಿರ ಉಳಿದಿತ್ತು. ಅದನ್ನು ನನಗೆ ತೋರಿಸಿದಾಗ ಎದೆ ಧಸಕ್ಕೆಂದಿತು. ‘ಅನಾರೋಗ್ಯದ ಕಾರಣ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ’ ಎಂದು ಬರೆದಿತ್ತು. ಕೇಳಿದರೆ, ಮೊದಲು ಕೆಲಸ ಬಿಟ್ಟರೆ ತಾನೇ ಪೆನ್ಶನ್ ಕೇಳಲಿಕ್ಕೆ ಆಗುವುದು ಎಂದು ಅವನು ಹೇಳಿದ್ದನಂತೆ.

ದಯವಿಟ್ಟು ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ರಾಜೀನಾಮೆ ಕೊಟ್ಟು ಅದು ಅಂಗೀಕಾರ ಆದರೆ ಹಿಂದಿನ ಸೇವೆ ಅಷ್ಟೂ ಹೋಗುತ್ತದೆ. ಎಷ್ಟು ವರ್ಷ ದುಡಿದಿದ್ದರೂ ಪೆನ್ಶನ್ ಇಲ್ಲ. ಕಾರಣ ಕಾಯಿಲೆ ಎಂದು ಬರೆದರೂ ರಾಜೀನಾಮೆ ರಾಜೀನಾಮೆಯೇ. ಸ್ವಯಂ ನಿವೃತ್ತಿ ಬೇರೆ. ಅದಕ್ಕೆ ಮೂರು ತಿಂಗಳ ನೋಟಿಸ್ ಕೊಡಬೇಕು, ಬೇಕಾದಷ್ಟು ಸೇವೆ ಆಗಿದ್ದರೆ ಪೆನ್ಶನ್ ಬರುತ್ತದೆ. ಅಶಕ್ತತಾ ನಿವೃತ್ತಿ ಅದಕ್ಕಿಂತಲೂ ಬೇರೆ. ಈ ಮೂರರಲ್ಲಿ ಯಾವುದಕ್ಕೆ ಸಹಿ ಹಾಕುತ್ತಿದ್ದೀರಿ ಎಂದು ತಿಳಿಯದೆ ಪೆನ್ನು ಮುಟ್ಟಬೇಡಿ.

ನಮ್ಮ ಪುಣ್ಯಕ್ಕೆ ಪತ್ರ ಇನ್ನೂ ಅಂಗೀಕಾರ ಆಗಿರಲಿಲ್ಲ. ಅಂಗೀಕಾರ ಆಗುವ ಮೊದಲು ರಾಜೀನಾಮೆ ಹಿಂದೆ ತೆಗೆದುಕೊಳ್ಳಬಹುದು. ಒಬ್ಬ ವಕೀಲರ ಸಲಹೆ ಕೇಳಿ, ಕೈಬರಹದಲ್ಲೇ ವಾಪಸ್ ಪತ್ರ ಬರೆದು, ಆಫೀಸಿನಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಮತ್ತೊಂದು ಪ್ರತಿಯನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಆ ಸೀಲು ಬಿದ್ದ ಕಾಗದ ಈಗಲೂ ಅಕ್ಕನ ಗೋದ್ರೇಜಿನಲ್ಲಿ ಇದೆ.

ಆಮೇಲೆ ಸರಿಯಾದ ದಾರಿಯಲ್ಲಿ ಬೋರ್ಡಿಗೆ ಹೋದೆವು. ಬೋರ್ಡ್ ಹೇಳಿದ್ದು: ಪೂರ್ತಿ ಅಶಕ್ತರಲ್ಲ, ಹಗುರ ಕೆಲಸ ಮಾಡಬಹುದು. ಹಾರ್ಟ್ ಕೇಸುಗಳಲ್ಲಿ ಹೀಗೆ ಬರುವ ಸಾಧ್ಯತೆಗೆ ತಯಾರಿರಿ. ಹಾಗೆಂದು ಅದನ್ನು ಸೋಲು ಎಂದುಕೊಳ್ಳಬೇಡಿ. ಈಗ ಭಾವ ಹಗಲು ಹೊತ್ತು ಆಫೀಸಿನ ಕೆಲಸದಲ್ಲಿ ಇದ್ದಾರೆ. ಪೂರ್ತಿ ಸಂಬಳ, ಸರ್ವಿಸ್ ಮುಂದುವರಿಯುತ್ತದೆ. ನನ್ನನ್ನು ಕೇಳಿದರೆ ಅರ್ಧ ಸಂಬಳದ ಪೆನ್ಶನ್ನಿಗಿಂತ ಇದು ಎಷ್ಟೋ ವಾಸಿ.

ಲೈಟ್ ಡ್ಯೂಟಿ ಕೇಳುವುದು ಯಾರೋ ಮಾಡುವ ಉಪಕಾರ ಅಲ್ಲ. ಸೇವೆಯಲ್ಲಿ ಇರುವಾಗ ಅಂಗವೈಕಲ್ಯ ಬಂದ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು ಎಂದು 2016ರ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. 1995ರ ಹಳೆಯ ಕಾಯ್ದೆಯಲ್ಲೂ ಇದು ಇತ್ತು. ಕಾಲು ಕಳೆದುಕೊಂಡ ಒಬ್ಬ ಕಾನ್‌ಸ್ಟೇಬಲ್‌ಗೆ ಇನ್‌ವ್ಯಾಲಿಡ್ ಪೆನ್ಶನ್ ಕೊಟ್ಟು ಮನೆಗೆ ಕಳಿಸಿದ್ದು ತಪ್ಪು ಎಂದು 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ಹೃದಯದ ಕಾಯಿಲೆ ಆ 21ರ ಪಟ್ಟಿಯಲ್ಲಿ ಇಲ್ಲದ ಕಾರಣ ಆಫೀಸಿನವರು ತಕರಾರು ತೆಗೆಯಬಹುದು. ಹಾಗಾಗಿ ಈ ಕಾಯ್ದೆ ಒಂದನ್ನೇ ನೆಚ್ಚಿಕೊಳ್ಳದೆ, ಹಗುರ ಕೆಲಸ ಕೊಡಿ ಎಂದು ಬೋರ್ಡ್ ಬರೆದ ಸಾಲನ್ನು ಮುಂದಿಟ್ಟು ಅರ್ಜಿ ಹಾಕಿ.

ನಮಗೆ ಇನ್ನೂ ಮುಗಿಯದ ತಲೆನೋವು ರಜೆಯದು. ಏಜೆಂಟ್ ‘ರಜೆ ಅರ್ಜಿ ನಾನು ನೋಡ್ಕೊಳ್ತೇನೆ’ ಎಂದಿದ್ದ, ಕೊಡಲೇ ಇಲ್ಲ. ಆ ದಿನಗಳು ಗೈರುಹಾಜರಿ ಎಂದು ಬಿದ್ದವು. ಸಂಬಳ ನಿಂತಿತು. ಅನಧಿಕೃತ ಗೈರು ಎಂದು ಸರ್ವಿಸ್ ರಿಜಿಸ್ಟರಿನಲ್ಲಿ ಉಳಿದರೆ ಮುಂದೆ ಪೆನ್ಶನ್ ಲೆಕ್ಕದಲ್ಲೂ ಪೆಟ್ಟು. ಭಾವನ ಖಾತೆಯಲ್ಲಿ ಗಳಿಕೆ ರಜೆ ಇತ್ತು, ಅರ್ಧ ಸಂಬಳದ ರಜೆಯೂ ಇತ್ತು. ವರ್ಷಕ್ಕೆ 20 ದಿನದಂತೆ ಸೇರುವ ಆ ಅರ್ಧ ಸಂಬಳದ ರಜೆಯನ್ನು ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಪೂರ್ತಿ ಸಂಬಳದ ರಜೆಯಾಗಿ ಬದಲಾಯಿಸಬಹುದು, ಒಂದಕ್ಕೆ ಎರಡು ದಿನ ಕಳೆಯುತ್ತಾರೆ ಅಷ್ಟೇ. ಇಷ್ಟೆಲ್ಲ ಇದ್ದೂ ಗೈರು! ಈಗ ಸಕ್ರಮ ಮಾಡಿ ಎಂದು ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಆಸ್ಪತ್ರೆಯಲ್ಲಿ ಇರುವಾಗಲೇ ಮನೆಯವರು ಯಾರಾದರೂ ಠಾಣೆಗೆ ಹೋಗಿ ರಜೆ ಅರ್ಜಿ ಕೊಟ್ಟು ಸೀಲು ಪಡೆಯಿರಿ.

ಅಶಕ್ತತಾ ಪಿಂಚಣಿ ಅಲ್ಲದೆ, ಡ್ಯೂಟಿಯಿಂದಲೇ ಕಾಯಿಲೆ ಬಂದವರಿಗೆ ಅಸಾಧಾರಣ ಪಿಂಚಣಿ ಎಂದು ಬೇರೆಯೇ ಇದೆ; ಅದನ್ನು ಕೇಳುವುದಾದರೆ, ಕಾಯಿಲೆಗೆ ಡ್ಯೂಟಿಯೇ ಕಾರಣ ಎನ್ನುವುದಿದೆಯಲ್ಲ, ಅದನ್ನು ನಾವೇ ತೋರಿಸಿಕೊಡಬೇಕು. ಎದೆನೋವು ಬಂದ ಹೊತ್ತು ಠಾಣಾ ದಿನಚರಿಯಲ್ಲಿ ಬರೆದಿದೆಯೇ ನೋಡಿ. ಆ ವಾರದ ಡ್ಯೂಟಿ ಪಟ್ಟಿ, ಕೆಲಸಕ್ಕೆ ಸೇರುವಾಗ ಫಿಟ್ ಎಂದು ಕೊಟ್ಟ ಸರ್ಟಿಫಿಕೇಟ್ ಎಲ್ಲದರ ನಕಲು ತೆಗೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಸಮ್ಮರಿಯನ್ನೂ ಓದಿ. ಅವಸರದಲ್ಲಿ ಇಲ್ಲದ ಸಿಗರೇಟು, ಇಲ್ಲದ ಕುಡಿತ ಬರೆದುಬಿಟ್ಟಿದ್ದರೆ ಆಗಲೇ ತಿದ್ದಿಸಿ. ಮುಂದೆ ಎಲ್ಲರೂ ನೋಡುವುದು ಆ ಕಾಗದವನ್ನೇ.

ಭಾವ ಹಳೆಯ ಪೆನ್ಶನ್ನಿನವರು. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಿಗೆ ಸಾಮಾನ್ಯವಾಗಿ ಹೊಸ ಪೆನ್ಶನ್ ಯೋಜನೆ, ಅಂದರೆ ಎನ್‌ಪಿಎಸ್, ಅವರ ಲೆಕ್ಕ ಬೇರೆ, ನಮ್ಮದನ್ನು ಹಿಡಿಯಬೇಡಿ.

ಆದೇಶ ನಿಮ್ಮ ವಿರುದ್ಧ ಬಂದರೆ ಸುಮ್ನೆ ಕೂರಬೇಡಿ. ಸರ್ಕಾರಿ ನೌಕರರ ಕೇಸು ಹೋಗುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ. ನಮ್ಮವರು ಬೆಂಗಳೂರಿಗೇ ಹೋಗಬೇಕು, ಕಷ್ಟವೇ. ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಹೋಗಬೇಕು, ಅದನ್ನು ಮರೆಯಬೇಡಿ. ಮೊದಲ ಸಲಹೆಗೆ ದುಡ್ಡು ಬೇಕಿಲ್ಲ. ಉಡುಪಿ, ಮಂಗಳೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಕೊಟ್ಟ ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಪೊಲೀಸಿನವರ ಮನೆಯವರೇ ಮೋಸ ಹೋದರು ಎಂದಾರು ಎಂದು ಭಾವ ದೂರು ಕೊಡಲು ಹಿಂಜರಿದರು. ಅಕ್ಕ ಬಿಡಲಿಲ್ಲ, ಈಗ ದೂರು ಕೊಟ್ಟಾಗಿದೆ. ಆ ಕೋಣೆಗೆ ಬೀಗ ಬಿದ್ದಿದೆ, ಆದರೆ ಮನುಷ್ಯ ಬೇರೆ ನಂಬರಿನಿಂದ ಬೇರೆಯವರಿಗೆ ಫೋನ್ ಮಾಡುತ್ತಿದ್ದಾನೆ ಎಂದು ಕೇಳಿದೆ. ‘ನಿಮ್ಮ ಫೈಲ್ ಬೆಂಗಳೂರಿಗೆ ಹೋಗಿದೆ, ಎಜಿ ಆಫೀಸಿನಲ್ಲಿ ನಮ್ಮವರಿದ್ದಾರೆ’ ಎನ್ನುವುದು ಅವನ ಮಾಮೂಲಿ ಮಾತು. ಪೆನ್ಶನ್ ಕಾಗದ ಅಕೌಂಟೆಂಟ್ ಜನರಲ್ ಆಫೀಸಿಗೆ ಹೋಗುವುದು ನಿಜ, ಆದರೆ ಅದನ್ನು ಕಳಿಸುವುದು ನಿಮ್ಮ ಇಲಾಖೆಯ ಆಫೀಸು. ಅಂಥ ಫೋನ್ ಬಂದರೆ ಪತ್ರದ ನಂಬರು, ತಾರೀಕು ಕೇಳಿ ಬರೆದುಕೊಳ್ಳಿ. ಆಮೇಲೆ ನಿಮ್ಮ ಆಫೀಸಿನ ಪೆನ್ಶನ್ ವಿಭಾಗಕ್ಕೆ ಹೋಗಿ, ಆ ನಂಬರಿನ ಪತ್ರ ಹೋಗಿದೆಯೇ ಎಂದು ನೀವೇ ವಿಚಾರಿಸಿ.